ಸಂಜೆ ಆರೂವರೆಯ ನಂತರ ಬಸ್ಸಿಲ್ಲ, ಸಭೆಗೆ ಹೇಗೆ ಹೋಗಲಿ?

ಪ್ರಶ್ನೆ: ಡಾಕ್ಟರೇ, ನನಗೆ 43 ವರ್ಷ. ತೀರ್ಥಹಳ್ಳಿ ಕಡೆಯ ಹಳ್ಳಿಯಲ್ಲಿ ಅಡಿಕೆ ತೋಟವಿದೆ. ಹದಿನೈದು ವರ್ಷ ಕುಡಿದೆ. ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಬಂದು ಇಂದಿಗೆ 40 ದಿನ. ಎ.ಎ. (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡುವವರು ಒಬ್ಬರಿಗೊಬ್ಬರು ಆಸರೆಯಾಗುವ ಕೂಟ) ಸಭೆಗೆ ತಪ್ಪದೆ ಹೋಗಿ ಎಂದು ಹೇಳಿ ಕಳಿಸಿದರು. ಸಭೆ ಇರುವುದು 60 ಕಿ.ಮೀ. ಆಚೆಯ ಪೇಟೆಯಲ್ಲಿ, ಸಂಜೆ ಏಳಕ್ಕೆ. ನಮ್ಮೂರಿಗೆ ಕೊನೆಯ ಬಸ್ ಆರೂವರೆಗೇ ಹೊರಡುತ್ತದೆ. ಹತ್ತಿರದಲ್ಲೇ ಇದ್ದರೂ ಊರಿನವರು ನೋಡಿದರೆ ಏನೆಂದುಕೊಳ್ಳುತ್ತಾರೋ ಎಂಬ ಅಳುಕು. ಸಭೆಗೆ ಹೋಗದೆ ಇರಲಾಗದೇ?

ಉತ್ತರ: ಊರಿನವರ ವಿಷಯ ಮೊದಲು. ನೀವು ಕುಡಿಯುತ್ತಿದ್ದುದು ಅವರಿಗೆ ಗೊತ್ತಿತ್ತು. ಗೊತ್ತಿಲ್ಲದಿರುವುದು ಬಿಟ್ಟಿದ್ದು ಮಾತ್ರ. ಆದರೂ ನಿಮ್ಮ ಅಳುಕನ್ನು ಹಗುರವಾಗಿ ಕಾಣಲಾರೆ. ಬಾರಿಗೆ ಹೋಗುವಾಗ ಆಗದ ನಾಚಿಕೆ ಸಭೆಯ ಬಾಗಿಲಲ್ಲಿ ಆಗುವುದನ್ನು ನಾನು ಎಷ್ಟೋ ಜನರಲ್ಲಿ ನೋಡಿದ್ದೇನೆ.

ಸಭೆಯಿಲ್ಲದೆಯೂ ಕೆಲವರು ನಿಭಾಯಿಸುತ್ತಾರೆ, ನಿಜ. ಆದರೆ 40 ದಿನ ಇನ್ನೂ ಎಳೆಯ ಕಾಲ. ಆಸ್ಪತ್ರೆಯವರು ಮೈಯಿಂದ ಮದ್ಯ ಇಳಿಸಿದ್ದಾರೆ. ಸಂಜೆ ಆರರಿಂದ ಒಂಬತ್ತರವರೆಗಿನ ಹೊತ್ತನ್ನು ಏನು ಮಾಡುವುದೆಂಬುದು ನಿಮಗೇ ಬಿಟ್ಟ ಲೆಕ್ಕ, ಅದನ್ನು ಒಬ್ಬರೇ ಬಿಡಿಸುವುದು ಕಷ್ಟ. ಅಡಿಕೆ ಗೊನೆಯ ಕೊಯ್ಲು ಬೇರೆ ಬರುತ್ತದೆ. ಸಂಜೆ ಕೂಲಿಯವರಿಗೆ ಬಟವಾಡೆಯ ಜೊತೆ ಮದ್ಯದ ಕ್ವಾರ್ಟರ್ ಕೊಡುವ ರೂಢಿ ನಿಮ್ಮಲ್ಲಿದ್ದರೆ ಈ ವರ್ಷ ಅದನ್ನು ನಿಲ್ಲಿಸಿ, ಬಟವಾಡೆಯನ್ನೂ ಮನೆಯಲ್ಲಿ ಬೇರೆಯವರಿಗೆ ವಹಿಸಿ.

ಹತ್ತಿರದಲ್ಲಿ ಏನಿದೆ ಎಂದು ತಿಳಿಯಲು ಪೇಟೆಗೆ ಹೋಗಬೇಕಿಲ್ಲ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಮದ್ಯವರ್ಜನ ಶಿಬಿರ ನಡೆಸುತ್ತಾರೆ. ಶಿಬಿರ ಮುಗಿಸಿ ಕುಡಿತ ಬಿಟ್ಟವರು ಸೇರುವ ಕೂಟಕ್ಕೆ ನವಜೀವನ ಸಮಿತಿ ಎಂದು ಹೆಸರು. ಮನೆಯ ಹೆಂಗಸರು ಯೋಜನೆಯ ಸಂಘದಲ್ಲಿದ್ದರೆ ಅಲ್ಲಿಗೆ ಬರುವ ಸೇವಾಪ್ರತಿನಿಧಿಯನ್ನು ಕೇಳಿಸಿ. ಶಿಬಿರಕ್ಕೆ ಹೋಗದವರೂ ಬಂದು ಕೂರಬಹುದೇ ಎಂದು ನೇರವಾಗಿಯೇ ಕೇಳಿ. ಅಲ್ಲಿ ಭಜನೆ, ಪ್ರಾರ್ಥನೆ ಇರುತ್ತದೆ. ಕೆಲವರಿಗೆ ಅದೇ ಆಸರೆ, ಕೆಲವರಿಗೆ ಒಗ್ಗುವುದಿಲ್ಲ.

ಎ.ಎ.ಯ ರೀತಿ ಬೇರೆ. ಶುಲ್ಕವಿಲ್ಲ. ಕುಡಿತ ಬಿಡಬೇಕೆಂಬ ಆಸೆಯೊಂದೇ ಸದಸ್ಯತ್ವದ ಷರತ್ತು. ಹೊರಗಿನವರೂ ಬರಬಹುದಾದ ಮುಕ್ತ ಸಭೆಗಳಲ್ಲಿ ನಾನು ಹಿಂದಿನ ಸಾಲಿನಲ್ಲಿ ಕುಳಿತಿದ್ದೇನೆ. ಶಾಲೆಯ ಕೊಠಡಿ, ಮಕ್ಕಳ ಬೆಂಚು, ಸ್ಟೀಲ್ ಲೋಟದಲ್ಲಿ ಚಹಾ. ಒಬ್ಬರು ಬರೀ ಹೆಸರು ಹೇಳಿ, ತಾನು ಮದ್ಯವ್ಯಸನಿ ಎಂದು ಹೇಳಿ, ಮಗಳ ಶಾಲೆಯ ಫೀಸು ಕುಡಿದು ಮುಗಿಸಿದ ದಿನವನ್ನು ನೆನೆದರು. ಯಾರೂ ಬುದ್ಧಿ ಹೇಳಲಿಲ್ಲ. ಪಕ್ಕದಲ್ಲಿದ್ದ ಮೂರು ದಿನದ ಹೊಸಬರ ಕೈ ನಡುಗುತ್ತಿತ್ತು. ಹನ್ನೊಂದು ವರ್ಷದ ಹಳಬರು ಅವರ ಲೋಟವನ್ನು ಅರ್ಧಕ್ಕಷ್ಟೇ ತುಂಬಿಸಿದರು, ಚಹಾ ಚೆಲ್ಲದಿರಲಿ ಎಂದು. ಇಂಥದ್ದನ್ನು ನಾವು ವೈದ್ಯರು ಕಲಿಸಲಾರೆವು.

ಬಸ್ಸಿನ ತೊಡಕಿಗೆ ನನ್ನ ಸಲಹೆ: ಒಂದೇ ಒಂದು ಸಲ ಹೋಗಿ, ನೆಂಟರ ಮನೆಯಲ್ಲಿ ಉಳಿದು ಮರುದಿನ ಬನ್ನಿ. ಬರುವಾಗ ಇಬ್ಬರ ಫೋನ್ ನಂಬರ್ ಕಿಸೆಯಲ್ಲಿರಲಿ. ನಿಮ್ಮ ದಿಕ್ಕಿನಿಂದ ಬರುವವರು, ಹಗಲು ನಡೆಯುವ ಸಭೆ, ಮೊಬೈಲಿನಲ್ಲಿ ಸೇರಬಹುದಾದ ಕನ್ನಡದ ಸಭೆ ಇವೆಯೇ ಎಂದು ಅವರನ್ನೇ ಕೇಳಿ. ನೆಟ್‌ವರ್ಕ್ ಸಿಗುವ ದಿಣ್ಣೆ ನಿಮ್ಮೂರಲ್ಲೂ ಒಂದಿರುತ್ತದೆ. ಸಂಜೆ ಆರಕ್ಕೆ ಅಲ್ಲಿಗೆ ಹೋಗಿ ಫೋನ್ ಮಾಡುವುದನ್ನು ಹಾಲು ಕರೆಯುವಷ್ಟೇ ಖಡಾಖಂಡಿತ ಕೆಲಸವಾಗಿ ಇಟ್ಟುಕೊಳ್ಳಿ.

ಇಬ್ಬರಿದ್ದರೆ ಸಭೆಯೇ. 1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಿಗೆ ವ್ಯವಹಾರಕ್ಕೆ ಬಂದು ಕೈಸುಟ್ಟುಕೊಂಡ ಬಿಲ್ ವಿಲ್ಸನ್, ಹೋಟೆಲಿನ ಬಾರ್ ಸೆಳೆಯುತ್ತಿದ್ದಾಗ ಅತ್ತ ಹೋಗದೆ ಫೋನಿನತ್ತ ಹೋದ. ತನ್ನಂಥ ಇನ್ನೊಬ್ಬ ಕುಡುಕ ಈ ಊರಿನಲ್ಲಿ ಇದ್ದಾನೆಯೇ ಎಂದು ಹುಡುಕಿದ. ಸಿಕ್ಕವರು ಬಾಬ್ ಸ್ಮಿತ್ ಎಂಬ ವೈದ್ಯರು. ಎ.ಎ. ಹುಟ್ಟಿದ್ದು ಆ ಇಬ್ಬರ ಮಾತುಕತೆಯಿಂದ. ನಿಮ್ಮ ಹೋಬಳಿಯಲ್ಲೂ ಬಿಟ್ಟವರೊಬ್ಬರು ಇದ್ದೇ ಇರುತ್ತಾರೆ.

ಜಾರಿದರೆ ಮುಚ್ಚಿಡಬೇಡಿ. ಮತ್ತೆ ಕೆಲವು ದಿನ ಸತತವಾಗಿ ಕುಡಿದಿದ್ದರೆ, ಹಟದಿಂದ ಒಮ್ಮೆಲೇ ಮನೆಯಲ್ಲೇ ನಿಲ್ಲಿಸಲೂ ಬೇಡಿ. ಎರಡು–ಮೂರನೆಯ ದಿನ ಫಿಟ್ಸ್, ಭ್ರಮೆ ಬರಬಹುದು, ಜೀವಕ್ಕೂ ಅಪಾಯ. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಬರುವ ಮಂಗಳವಾರ ಯಾವುದೆಂದು ವಿಚಾರಿಸಿಡಿ. ಮಾನಸಿಕ ಆರೋಗ್ಯದ ಟೆಲಿಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಕನ್ನಡದಲ್ಲೇ ಮಾತನಾಡಬಹುದು.

ಪ್ರಶ್ನೆ: ಗಂಡನಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸಿದರೆ ಕುಡಿತ ಬಿಡುತ್ತಾರೆಂದು ಒಬ್ಬರು ಪುಡಿ ಕೊಟ್ಟಿದ್ದಾರೆ. ಹಾಕಲೇ?

ಉತ್ತರ: ಹಾಕಬೇಡಿ, ತಾಯಿ. ಅದರಲ್ಲಿ ಡೈಸಲ್ಫಿರಾಮ್ ಎಂಬ, ಮದ್ಯ ಮೈಗೆ ಒಗ್ಗದಂತೆ ಮಾಡುವ ಔಷಧಿ ಇದ್ದರೆ, ಅದು ತಿಳಿಯದೆ ಮದ್ಯ ಕುಡಿದವರಿಗೆ ವಾಂತಿ, ಎದೆಬಡಿತ ಶುರುವಾಗಿ ರಕ್ತದೊತ್ತಡ ಕುಸಿಯುತ್ತದೆ, ಪ್ರಾಣವೂ ಹೋಗಬಹುದು. ಆ ಔಷಧಿಯನ್ನು ವೈದ್ಯರೇ ಕೊಡುತ್ತಾರೆ, ರೋಗಿಗೆ ಹೇಳಿ, ಒಪ್ಪಿಸಿ. ಅವರು ಆಸ್ಪತ್ರೆಗೆ ಬರಲು ಒಪ್ಪದಿದ್ದರೆ ನೀವೊಬ್ಬರೇ ಬನ್ನಿ, ಪುಡಿಯ ಪೊಟ್ಟಣವನ್ನೂ ತನ್ನಿ. ಕುಡಿಯುವವರ ಮನೆಯವರಿಗಾಗಿ ಅಲ್-ಅನಾನ್ ಎಂಬ ಪ್ರತ್ಯೇಕ ಸಭೆಗಳಿವೆ. ಗಂಡ ಬಿಟ್ಟರೂ ಬಿಡದಿದ್ದರೂ ಅಲ್ಲಿಗೆ ನೀವು ಹೋಗಬಹುದು.