ಟೈಲ್ಸ್ ಆರಿಸಲಾಗದೆ ನಿಂತುಹೋದ ಮನೆ

ಗಂಡನಿಗೆ 35, ಹೆಂಡತಿಗೆ 32. ಮೈಸೂರಿನಲ್ಲಿ ಸುಮಾರು 40 ವರ್ಷ ಹಳೆಯ ಮನೆಯೊಂದನ್ನು ಸಾಲ ಮಾಡಿ ಕೊಂಡಿದ್ದರು. ಇಬ್ಬರಿಗೂ ಮೊದಲ ಸ್ವಂತ ಮನೆ. ವೈರಿಂಗ್, ಪ್ಲಂಬಿಂಗ್ ಮುಗಿದು ನೆಲದ ಹತ್ತಿರ ಬಂದು ಕೆಲಸ ನಿಂತಿತ್ತು. ಮೇಸ್ತ್ರಿ ಕಾದು ಕಾದು ಬೇರೆ ಕಡೆ ಕೆಲಸ ಹಿಡಿದಿದ್ದ. ಬಾಡಿಗೆಯೂ ಕಟ್ಟಬೇಕು, ಇಎಂಐಯೂ ಕಟ್ಟಬೇಕು. ಆರು ವಾರದಿಂದ ಇಬ್ಬರ ನಡುವೆ ಸರಿಯಾಗಿ ಮಾತಿಲ್ಲ. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

"ಟೈಲ್ಸ್ ವಿಷಯಕ್ಕೆ ಕೌನ್ಸೆಲಿಂಗ್‌ಗೆ ಬಂದಿದ್ದೀವಿ ಅಂದ್ರೆ ನಗ್ತೀರೇನೋ ಮೇಡಂ" ಅಂದರು ಆಕೆ. ನನಗೆ ನಗು ಬರಲಿಲ್ಲ. ಆಕೆಯ ಕಣ್ಣಲ್ಲಿ ನೀರಿತ್ತು.

ಗಂಡನಿಗೆ ಇಡೀ ಮನೆಗೆ 2x4 ಅಡಿಯ, ಬಿಳಿ ಬಣ್ಣದ, ಫಳಫಳ ಹೊಳೆಯುವ ವಿಟ್ರಿಫೈಡ್ ಟೈಲ್ಸ್ ಬೇಕು. ಹೆಂಡತಿಗೆ ಹಾಲ್‌ನಲ್ಲಿರುವ ಹಳೆಯ ರೆಡ್ ಆಕ್ಸೈಡ್ ನೆಲ ಹಾಗೇ ಉಳಿಯಬೇಕು. ಯಾವುದು ಚೆಂದ ಅನ್ನೋ ಮಾತನ್ನು ನಾನು ಅಲ್ಲಿಗೇ ನಿಲ್ಲಿಸಿದೆ. "ನೀವು ಬೆಳೆದ ಮನೆಯ ನೆಲ ಹೇಗಿತ್ತು ಹೇಳಿ" ಅಂತ ಒಬ್ಬೊಬ್ಬರನ್ನೇ ಕೇಳಿದೆ.

ಆತ ಬೆಳೆದಿದ್ದು ವಠಾರದಲ್ಲಿ. ಸಿಮೆಂಟ್ ನೆಲ, ಎಲ್ಲಿ ನೋಡಿದರೂ ಗುಂಡಿ. ಒರೆಸಿದರೆ ಗುಂಡಿಯಲ್ಲಿ ನೀರು ನಿಲ್ಲುತ್ತಿತ್ತು. ಹಬ್ಬ ಬಂದರೆ ಅಮ್ಮ ಯಾರ ಮನೆ ಕೆಲಸದಲ್ಲೋ ಉಳಿದ ಸಿಮೆಂಟ್ ಕೇಳಿ ತಂದು ತಾವೇ ಮೆತ್ತುತ್ತಿದ್ದರು. ಶಾಲೆಯ ಗೆಳೆಯರು ಬಂದರೆ ಈತ ಗೇಟಿನಲ್ಲೇ ಮಾತಾಡಿಸಿ ಕಳಿಸುತ್ತಿದ್ದ. ಇದನ್ನು ಹೆಂಡತಿ ಕೇಳಿದ್ದು ಅದೇ ಮೊದಲು.

ಆಕೆಯದು ತಾತನ ಮನೆ. ಬೇಸಿಗೆಯ ಮಧ್ಯಾಹ್ನ ಕೆಂಪು ನೆಲಕ್ಕೆ ಕೆನ್ನೆ ಒತ್ತಿ ಮಲಗುತ್ತಿದ್ದ ಹುಡುಗಿ. ಪಾಲಾದಾಗ ಆ ಮನೆ ಮಾರಿಹೋಯಿತು. ಅಷ್ಟು ಹೇಳಿ ಸುಮ್ಮನಾದರು. ಆಮೇಲೆ ನಿಧಾನವಾಗಿ, "ಮನೆ ಕೊಳ್ಳೋ ಅಡ್ವಾನ್ಸ್‌ಗೆ ನನ್ನ ಬಳೆ ಅಡ ಇಡುವಾಗ ನನ್ನ ಕೇಳಿದ್ರು. ಟೈಲ್ಸ್ ಅಂಗಡಿಗೆ ಹೋಗುವಾಗ ಕೇಳಲಿಲ್ಲ" ಅಂದರು. ಆತ ಗೆಳೆಯನ ಜೊತೆ ಹೋಗಿ 10,000 ರೂಪಾಯಿ ಕೊಟ್ಟು ಬುಕ್ ಮಾಡಿ ಬಂದಿದ್ದ. ನೋವಿದ್ದದ್ದು ಇಲ್ಲೇ. ಆತ ಅಲ್ಲೇ ತಪ್ಪೊಪ್ಪಿಕೊಂಡ. "ಸರ್‌ಪ್ರೈಸ್ ಕೊಡೋಣ ಅಂತ ಮಾಡಿದೆ" ಅಂದದ್ದು ನೆಪ ಅಂತ ನನಗೆ ಅನ್ನಿಸಲಿಲ್ಲ.

ಇನ್ನೊಬ್ಬರನ್ನು ಯಾರೂ ಕೇಳಿರಲಿಲ್ಲ. ಜೊತೆಯಲ್ಲೇ ಇರುವ ಅತ್ತೆ, ಅಂದರೆ ಗಂಡನ ಅಮ್ಮ. 68 ವರ್ಷ, ಮಂಡಿ ನೋವು. ಮುಂದಿನ ಸಲ ಅವರನ್ನೂ ಕರೆತನ್ನಿ, ಟೈಲ್ಸ್ ಸ್ಯಾಂಪಲ್ಲೂ ತನ್ನಿ ಅಂದೆ.

ನಾಲ್ಕು ತುಂಡುಗಳನ್ನು ನ್ಯೂಸ್‌ಪೇಪರ್‌ನಲ್ಲಿ ಸುತ್ತಿ ತಂದಿದ್ದರು. ನೆಲದ ಮೇಲಿಟ್ಟು ಲೋಟದ ನೀರು ಸುರಿದೆ. ಅತ್ತೆ ಕುರ್ಚಿಯಲ್ಲಿ ಕೂತೇ ಬರಿಗಾಲನ್ನು ಬಿಳಿ ತುಂಡಿನ ಮೇಲಿಟ್ಟು ಉಜ್ಜಿದರು. ಹಿಮ್ಮಡಿ ಸರ್ರನೆ ಜಾರಿತು. ಹೊಳಪಿಲ್ಲದ ಮ್ಯಾಟ್ ಫಿನಿಶ್ ತುಂಡಿನ ಮೇಲೆ ನಿಂತಿತು. "ನಂಗೆ ಬಣ್ಣ ಯಾವ್ದಾದ್ರೂ ಆಗ್ಲಿ ಕಣಪ್ಪ, ಬಚ್ಚಲಲ್ಲಿ ಬೀಳದ ಹಾಗೆ ಮಾಡು" ಅಂದರು. ಮಗ ತುಂಬ ಹೊತ್ತು ಆ ತುಂಡನ್ನೇ ನೋಡುತ್ತಿದ್ದ.

ನಾನು ಕೊಟ್ಟ ಸಲಹೆ ಇಷ್ಟು. ಇಡೀ ಮನೆಗೆ ಒಂದೇ ತೀರ್ಮಾನ ಬೇಡ, ಒಂದೊಂದು ಕೋಣೆಗೆ ಒಂದೊಂದು ದಿನ ಕೂತು ಮಾತಾಡಿ. ಬಚ್ಚಲು ಮೊದಲು, ಅಲ್ಲಿ ಅತ್ತೆಯ ಮಾತೇ ಕೊನೆ. ಅಂಗಡಿಗೆ ಇಬ್ಬರೂ ಹೋಗಿ, ಆದರೆ ಅಂಗಡಿಯಲ್ಲೇ ಒಪ್ಪಬೇಡಿ. ಅಲ್ಲಿನ ಲೈಟಿಗೆ ಎಲ್ಲವೂ ಚೆಂದ. ಸ್ಯಾಂಪಲ್ ತಂದು ನಿಮ್ಮ ಕಿಟಕಿಯ ಬೆಳಕಲ್ಲಿ, ರಾತ್ರಿ ದೀಪದಲ್ಲಿ ನೋಡಿ. ನೆಲ ಒರೆಸುವವರನ್ನೂ ಒಂದು ಮಾತು ಕೇಳಿ. ಹೊಳೆಯುವ ನೆಲದಲ್ಲಿ ಹೆಜ್ಜೆ ಗುರುತು ಜಾಸ್ತಿ ಕಾಣುತ್ತೆ.

ನೆಲದ ಕೆಲಸ ಬಲ್ಲವರ ಹತ್ತಿರ ಕೆಲವು ವಿಷಯ ಖಚಿತ ಮಾಡಿಕೊಳ್ಳಿ ಅಂತಲೂ ಹೇಳಿದೆ. ಗೊತ್ತಿಲ್ಲದ್ದರ ಮೇಲೆ ಜಗಳ ಜಾಸ್ತಿ ಬೆಳೆಯುತ್ತೆ. ಕೆಂಪು ನೆಲವನ್ನು ತಟ್ಟಿ ನೋಡಿ, ಡಬ್ಬ ಡಬ್ಬ ಅಂದರೆ ಅಲ್ಲಿ ಅಡಿಯಿಂದ ಬಿಟ್ಟಿದೆ ಅಂತ. ಬಿರುಕಿಗೆ ಹೊಸದಾಗಿ ಮೆತ್ತಿದರೆ ಹಳೆಯ ಕೆಂಪಿಗೆ ಹೊಂದೋದು ಕಷ್ಟ. ಹಳೆ ನೆಲ ಗಟ್ಟಿಯಿದ್ದರೆ ಅದರ ಮೇಲೇ ಅಂಟು ಹಾಕಿ ಟೈಲ್ಸ್ ಕೂರಿಸಬಹುದು. ಆದರೆ ಅರ್ಧ ಇಂಚಿಗಿಂತ ಜಾಸ್ತಿ ಎತ್ತರ ಬರುತ್ತೆ, ಬಾಗಿಲ ಅಡಿ ಕೊಯ್ಯಬೇಕು, ಕೋಣೆಯ ಅಂಚಿನಲ್ಲಿ ಅತ್ತೆಯ ಕಾಲು ಎಡವಬಹುದು. ಶೇಕಡಾ 10ರಷ್ಟು ಟೈಲ್ಸ್ ಹೆಚ್ಚಿಗೆ ತನ್ನಿ, ಎಲ್ಲ ಬಾಕ್ಸ್‌ಗಳ ಮೇಲೂ ಒಂದೇ ಬ್ಯಾಚ್, ಒಂದೇ ಶೇಡ್ ನಂಬರ್ ಇದೆಯಾ ನೋಡಿ.

ಏಳು ವಾರ ಬಿಟ್ಟು ಬಂದರು. ಹಾಲ್‌ನಲ್ಲಿ ಕೆಂಪು ನೆಲವೇ ಉಳಿದಿದೆ, ಪಾಲಿಶ್ ಮಾಡಿಸಿದ್ದಾರೆ, ಬಾಗಿಲ ಹತ್ತಿರದ ಬಿರುಕು ಕಾಣುತ್ತೆ. ಕೋಣೆಗಳಿಗೆ ಆತ ಇಷ್ಟಪಟ್ಟ ಬಿಳಿ ಬಣ್ಣವೇ, ಆದರೆ ಮ್ಯಾಟ್. ಬಚ್ಚಲಿಗೆ ಇನ್ನೂ ತರಿತರಿಯಾದ, 1x1 ಅಡಿಯ ಆ್ಯಂಟಿ ಸ್ಕಿಡ್ ಟೈಲ್ಸ್, ಗೋಡೆಗೆ ಹಿಡಿಕೆ. ಅಂಗಡಿಯವರು ಆ 10,000ವನ್ನು ಈ ಬಿಲ್ಲಿಗೇ ಹಿಡಿದುಕೊಂಡರಂತೆ.

ಬಳೆ ಇನ್ನೂ ಅಡದಲ್ಲೇ ಇದೆ. ಯಾವಾಗ ಬಿಡಿಸೋದು ಅನ್ನೋ ಮಾತನ್ನು ಈ ಸಲ ಗಂಡನೇ ಎತ್ತಿದ. ಮುಂದಿನ ಭೇಟಿಗೆ ಅದನ್ನೇ ಇಟ್ಟುಕೊಂಡಿದ್ದೇವೆ.