ತಂಗಿಯ ಇನ್‌ಸ್ಟಾಗ್ರಾಮ್‌ಗೆ ಕೆಟ್ಟ ಕೆಟ್ಟ ಮೆಸೇಜ್ ಬರ್ತಿವೆ, ಅಕೌಂಟ್ ಡಿಲೀಟ್ ಮಾಡಿಸೋದು ಸರಿನಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ತಂಗಿ ಬಿಕಾಂ ಎರಡನೇ ವರ್ಷ. ಇನ್‌ಸ್ಟಾಗ್ರಾಮ್‌ನಲ್ಲಿ ಕನ್ನಡದಲ್ಲಿ ಕ್ರಿಕೆಟ್ ಬಗ್ಗೆ ಮಾತಾಡುತ್ತಾಳೆ. ಮೊದಮೊದಲು "ಅಡುಗೆ ಮನೆ ನೋಡ್ಕೋ ಹೋಗು" ಅಂತ ಬರುತ್ತಿತ್ತು, ಈಗ "ರೇಟ್ ಎಷ್ಟು" ಅಂತ ಬರುತ್ತಿದೆ. ಯಾರೋ ಅವಳ ಫೋಟೋ ಹಾಕಿ ಇನ್ನೊಂದು ಅಕೌಂಟ್ ಬೇರೆ ಮಾಡಿದ್ದಾರೆ. "ಎಲ್ಲಾ ಮುಚ್ಚಿಬಿಡು, ನಾಳೆ ಗಂಡಿನ ಕಡೆಯವರು ನೋಡಿದರೆ ಏನು ಗತಿ" ಅಂತ ಅಪ್ಪ ಅನ್ನುತ್ತಿದ್ದಾರೆ. ನಿಮಗೂ ಅದೇ ಸರಿ ಅನ್ನಿಸುತ್ತಿದೆ.

ದಯವಿಟ್ಟು ಡಿಲೀಟ್ ಮಾಡಿಸಬೇಡಿ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತೆ.

2014ರಲ್ಲಿ ನಾನು ಶಿವಮೊಗ್ಗದಲ್ಲಿ ಎಂಕಾಂ ಓದುತ್ತಿದ್ದೆ. ಒಂದು ಸಂಜೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಆ ಕಡೆಯ ಗಂಡಸು ನನ್ನ ಹೆಸರು ಹಿಡಿದು ಮಾತಾಡಿಸಿದ. ರಾಂಗ್ ನಂಬರ್ ಅಂದೆ. "ನೀವೇ ಫೇಸ್‌ಬುಕ್‌ನಲ್ಲಿ ನಂಬರ್ ಹಾಕಿದ್ದೀರಲ್ಲ" ಅಂದ. ಕಟ್ ಮಾಡಿದೆ. ಎರಡು ನಿಮಿಷಕ್ಕೆ ಇನ್ನೊಂದು ಬಂತು. ರಾತ್ರಿ ಹತ್ತರ ಹೊತ್ತಿಗೆ ನಲವತ್ತಕ್ಕೂ ಜಾಸ್ತಿ ಕರೆ ಬಂದಿದ್ದವು. ಅಮ್ಮ ಪಕ್ಕದಲ್ಲೇ ಮಲಗಿದ್ದರು. ಫೋನನ್ನು ದಿಂಬಿನ ಕೆಳಗೆ ಇಟ್ಟೆ. ಅದು ಅದುರಿದಾಗಲೆಲ್ಲ ಮಂಚದ ಹಲಗೆ ಗುಂಯ್ ಅನ್ನುತ್ತಿತ್ತು. ಅಮ್ಮನಿಗೆ ಎಚ್ಚರ ಆದೀತು ಅಂತ ಎತ್ತಿ ಹೊಟ್ಟೆಯ ಮೇಲೆ ಇಟ್ಟುಕೊಂಡು, ಮೇಲೆ ಎರಡೂ ಕೈ ಒತ್ತಿ ಹಿಡಿದುಕೊಂಡೆ. ಸ್ವಿಚ್ ಆಫ್ ಮಾಡಬಹುದಿತ್ತು ಅಂತ ನಿಮಗೆ ಅನ್ನಿಸಬಹುದು. ಆ ಹೊತ್ತಿಗೆ ಅದೂ ತೋಚಲಿಲ್ಲ. ಬೆಳಗಿನ ಜಾವದವರೆಗೆ ಹಾಗೇ ಮಲಗಿದ್ದೆ.

ಬೆಳಿಗ್ಗೆ ಅಣ್ಣನಿಗೆ ಹೇಳಿದೆ. ಅವನು ಒಳ್ಳೆಯವನು, ಇವತ್ತಿಗೂ ನನ್ನ ಮೇಲೆ ಜೀವ ಇಟ್ಟುಕೊಂಡಿದ್ದಾನೆ. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಸಿಮ್ ತೆಗೆದು, ಎರಡು ತುಂಡು ಮಾಡಿ, ಮನೆ ಮುಂದಿನ ಚರಂಡಿಗೆ ಎಸೆದ. ಫೇಸ್‌ಬುಕ್ ಅಕೌಂಟನ್ನು ನನ್ನ ಕೈಯಲ್ಲೇ ಡಿಲೀಟ್ ಮಾಡಿಸಿದ. "ಮುಗೀತು ಬಿಡು" ಅಂದ.

ಮುಗಿಯಲಿಲ್ಲ. ನನ್ನ ಅಕೌಂಟ್ ಹೋಯಿತು, ನನ್ನ ಹೆಸರು, ನಂಬರ್ ಹಾಕಿ ಯಾರೋ ಮಾಡಿದ್ದ ನಕಲಿ ಅಕೌಂಟ್ ಉಳಿಯಿತು. ನನ್ನ ಹೆಸರು ಹಾಕಿ ಹುಡುಕಿದವರಿಗೆಲ್ಲ ಆಮೇಲೆ ಸಿಗುತ್ತಿದ್ದದ್ದು ಅದೊಂದೇ. ಎಂಟು ತಿಂಗಳು ಅದು ಹಾಗೇ ಇತ್ತು. ನಾನೇ ನಾನು, ಅದು ನಾನಲ್ಲ ಅಂತ ಹೇಳಲು ನನಗೆ ಅಲ್ಲಿ ಜಾಗವೇ ಇರಲಿಲ್ಲ. ಫೋನಿನಲ್ಲಿದ್ದ ಅಸಭ್ಯ ಮೆಸೇಜುಗಳನ್ನೂ ಅಣ್ಣ ಅಳಿಸಿದ್ದ, ನಾನು ಮತ್ತೆ ಓದಿ ಅಳಬಾರದು ಅಂತ. ಹಾಗಾಗಿ ದೂರು ಕೊಡಬೇಕು ಅನ್ನಿಸಿದಾಗ ತೋರಿಸಲು ಒಂದು ಚೂರೂ ಇರಲಿಲ್ಲ. ಅದೇ ನಂಬರನ್ನು ಒಂದು ಕಾಲೇಜಿನ ಕೆಲಸದ ಅರ್ಜಿಯಲ್ಲಿ ಕೊಟ್ಟಿದ್ದೆ. ಅವರು ಕರೆದರೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ.

ಇನ್ನೊಂದು ವಿಷಯ. ಆ ನಕಲಿ ಅಕೌಂಟಿನಲ್ಲಿದ್ದ ಫೋಟೋ ನಾನು ಹಾಕಿದ್ದೇ ಅಲ್ಲ. ಕಾಲೇಜ್ ಡೇ ದಿನ ಗೆಳತಿಯೊಬ್ಬಳು ಹಾಕಿದ್ದ ಗ್ರೂಪ್ ಫೋಟೋದಿಂದ ನನ್ನ ಮುಖ ಕತ್ತರಿಸಿದ್ದರು. "ಅವಳು ವಿಡಿಯೋ ಹಾಕದೇ ಇದ್ದಿದ್ದರೆ ಇದೆಲ್ಲ ಆಗ್ತಿರಲಿಲ್ಲ ಅಲ್ವಾ?" ಅಂತ ನೀವು ಕೇಳಿದ್ದೀರಿ. ಈ ಮಾತು ಎಷ್ಟು ನಿಜ ಅಂತ ನೀವೇ ನೋಡಿ.

2025ರ ಮೇ ತಿಂಗಳಲ್ಲಿ ನಮ್ಮ ಮೆಟ್ರೋದಲ್ಲಿ ಓಡಾಡುವ ಹೆಣ್ಣುಮಕ್ಕಳನ್ನು ಕದ್ದು ವಿಡಿಯೋ ಮಾಡಿ ಹಾಕುತ್ತಿದ್ದ ಒಂದು ಇನ್‌ಸ್ಟಾಗ್ರಾಮ್ ಅಕೌಂಟ್ ಸುದ್ದಿಯಾಯಿತು. ಐದು ಸಾವಿರಕ್ಕೂ ಜಾಸ್ತಿ ಜನ ಅದನ್ನು ಫಾಲೋ ಮಾಡುತ್ತಿದ್ದರು. ಬನಶಂಕರಿ ಪೊಲೀಸರು ಕೇಸು ಹಾಕಿ ಹಿಡಿದದ್ದು ಅಕೌಂಟ್ಸ್ ಕೆಲಸ ಮಾಡಿಕೊಂಡಿದ್ದ ಒಬ್ಬ ಯುವಕನನ್ನು. ಆ ಹೆಣ್ಣುಮಕ್ಕಳು ಮಾಡಿದ್ದು ಮೆಟ್ರೋ ಹತ್ತಿದ್ದು, ಅಷ್ಟೇ. ಎರಡು ತಿಂಗಳಿಗೆ ಇನ್ನೊಂದು ಪ್ರಕರಣ. ಚರ್ಚ್ ಸ್ಟ್ರೀಟ್‌ನಲ್ಲಿ ನಡೆದು ಹೋಗುತ್ತಿದ್ದ ಹುಡುಗಿಯರನ್ನು ಚಿತ್ರೀಕರಿಸಿ ಹಾಕುತ್ತಿದ್ದವನ ಬಗ್ಗೆ ಒಬ್ಬ ಯುವತಿ ತಾನೇ ವಿಡಿಯೋ ಮಾಡಿ ಹೇಳಿದಳು. ತನಗೆ ಅಶ್ಲೀಲ ಮೆಸೇಜುಗಳು ಬರುತ್ತಿವೆ, ರಿಪೋರ್ಟ್ ಮಾಡಿದರೂ ಪ್ರಯೋಜನ ಆಗಲಿಲ್ಲ ಅಂದಳು. ಅವಳು ಬಾಯಿ ಬಿಟ್ಟ ಮೇಲೆ ಪೊಲೀಸರು ಅವನನ್ನು ಹಿಡಿದರು.

ಇನ್ನೂ ಹಿಂದಕ್ಕೆ ಹೋದರೆ 2004ರ ಚೆನ್ನೈ ಪ್ರಕರಣ ಇದೆ. ಮದುವೆಗೆ ಒಪ್ಪಲಿಲ್ಲ ಅನ್ನೋ ಸಿಟ್ಟಿಗೆ ಒಬ್ಬ, ವಿಚ್ಛೇದನ ಆಗಿದ್ದ ಮಹಿಳೆಯ ಹೆಸರು ಮತ್ತು ಫೋನ್ ನಂಬರನ್ನು ಯಾಹೂ ಗ್ರೂಪಿನಲ್ಲಿ ಅಸಹ್ಯವಾಗಿ ಬರೆದು ಹಾಕಿದ್ದ. ಅವರಿಗೆ ಕರೆಗಳ ಮೇಲೆ ಕರೆ. ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯಲ್ಲಿ ಅಶ್ಲೀಲ ಬರಹ, ಚಿತ್ರ ಹರಡುವುದಕ್ಕೆ ಇರುವ 67ನೇ ಸೆಕ್ಷನ್ ಅಡಿ ಆರೋಪಿಗೆ ಶಿಕ್ಷೆಯಾದ ದೇಶದ ಮೊದಲ ಪ್ರಕರಣಗಳಲ್ಲಿ ಅದೂ ಒಂದು. ದೂರು ದಾಖಲಾದ ಏಳು ತಿಂಗಳಲ್ಲೇ ತೀರ್ಪು ಬಂತು. ಆಗ ಇನ್‌ಸ್ಟಾಗ್ರಾಮೂ ಇರಲಿಲ್ಲ, ರೀಲ್ಸೂ ಇರಲಿಲ್ಲ. ಅದಾಗಿ ಹತ್ತು ವರ್ಷಕ್ಕೆ ನನಗೆ ಆದದ್ದೂ ಅದೇ. ಈಗ ಮುಖವೊಂದು ಸಿಕ್ಕರೆ ಸಾಕು, ಮೈ ಬೇರೆಯವರದ್ದಾದರೂ ನಡೆಯುತ್ತೆ. 2023ರ ನವೆಂಬರ್‌ನಲ್ಲಿ ನಮ್ಮ ಕೊಡಗಿನ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬರ ವಿಡಿಯೋಗೆ ಅಂಟಿಸಿ ಬಿಟ್ಟಿದ್ದರು ನೆನಪಿದೆಯಾ? ದೆಹಲಿ ಪೊಲೀಸರು ಕೊನೆಗೆ ಹಿಡಿದವನು ಅವರದೇ ಫ್ಯಾನ್ ಪೇಜ್ ನಡೆಸುತ್ತಿದ್ದ ಎಂಜಿನಿಯರ್. ಫಾಲೋವರ್ಸ್ ಜಾಸ್ತಿ ಮಾಡಿಕೊಳ್ಳಲು ಹಾಗೆ ಮಾಡಿದ್ದ ಅಂತ ಪೊಲೀಸರು ಹೇಳಿದರು.

ಹಾಗಾಗಿ ತಂಗಿಯನ್ನು ಅಲ್ಲಿಂದ ಎಬ್ಬಿಸಿಬಿಟ್ಟರೆ ಅವಳು ಬಚಾವಾಗುತ್ತಾಳೆ ಅಂದುಕೊಳ್ಳಬೇಡಿ. ಅವಳ ಫೋಟೋ ಈಗಾಗಲೇ ಅವರ ಕೈಯಲ್ಲಿದೆ. ನೀವು ಮುಚ್ಚಿಸುವುದು ಅವಳ ಬಾಯನ್ನು ಮಾತ್ರ. ಆ ಮೆಸೇಜ್ ಕಳಿಸುವವರಿಗೆ ಬೇಕಾಗಿರುವುದೂ ಅದೇ. ಕ್ರಿಕೆಟ್ ಬಗ್ಗೆ ತಪ್ಪು ಹೇಳಿದ ಗಂಡು ಹುಡುಗನಿಗೆ "ನಿನಗೆ ಏನೂ ಗೊತ್ತಿಲ್ಲ" ಅನ್ನುತ್ತಾರೆ. ಹುಡುಗಿಗೆ ರೇಟ್ ಕೇಳುತ್ತಾರೆ.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. ಚಿತ್ರದುರ್ಗದ ರೇಣುಕಾಸ್ವಾಮಿ ಕೊಲೆ ಪ್ರಕರಣದ ಬಗ್ಗೆ ನಟಿ ರಮ್ಯಾ 2025ರ ಜುಲೈನಲ್ಲಿ ಒಂದು ಪೋಸ್ಟ್ ಹಾಕಿದ್ದಕ್ಕೆ ಎಂಥೆಂಥ ಮೆಸೇಜು, ಬೆದರಿಕೆ ಬಂದವು ಅಂತ ಪೇಪರಿನಲ್ಲಿ ಓದಿರುತ್ತೀರಿ. ಅವರು ಸುಮ್ಮನಾಗಲಿಲ್ಲ. 43 ಅಕೌಂಟುಗಳ ಪಟ್ಟಿ ಸಮೇತ ಬೆಂಗಳೂರು ಪೊಲೀಸ್ ಕಮಿಷನರಿಗೆ ದೂರು ಕೊಟ್ಟರು, ಕೆಲವರ ಬಂಧನವೂ ಆಯಿತು. 2019ರ ಲೋಕಸಭಾ ಚುನಾವಣೆ ಹೊತ್ತಿನಲ್ಲಿ 95 ರಾಜಕಾರಣಿ ಮಹಿಳೆಯರಿಗೆ ಬಂದ ಟ್ವೀಟುಗಳನ್ನು ಆಮ್ನೆಸ್ಟಿ ಅನ್ನೋ ಮಾನವ ಹಕ್ಕುಗಳ ಸಂಸ್ಥೆ ಪರಿಶೀಲಿಸಿತ್ತು. ಪ್ರತಿ ಏಳರಲ್ಲಿ ಒಂದು ನಿಂದನೆಯದ್ದೋ ಕೀಳು ಮಾತಿನದ್ದೋ ಆಗಿತ್ತು. 2022ರ ಹೊಸ ವರ್ಷದ ದಿನ ಮುಸ್ಲಿಂ ಹೆಣ್ಣುಮಕ್ಕಳ ಫೋಟೋಗಳನ್ನು "ಹರಾಜಿಗೆ" ಇಟ್ಟ ಬುಲ್ಲಿ ಬಾಯಿ ಆ್ಯಪ್ ನೆನಪಿರಬಹುದು. ಅದರಲ್ಲಿ ಇದ್ದವರಲ್ಲಿ ಪತ್ರಕರ್ತೆಯರು, ಹೋರಾಟಗಾರ್ತಿಯರು, ಅಂದರೆ ಗಟ್ಟಿಯಾಗಿ ಮಾತಾಡುವವರೇ ಹಲವರು. ಬಂಧಿತರಲ್ಲಿ ಒಬ್ಬ ಬೆಂಗಳೂರಿನಲ್ಲಿ ಓದುತ್ತಿದ್ದ 21 ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿ. ಅದನ್ನು ಓದಿದ ದಿನ ನಾನು ಪಾಠ ಮಾಡಲಾಗದೆ ಕ್ಲಾಸಿನಲ್ಲಿ ಸುಮ್ನೆ ನಿಂತಿದ್ದೆ. ನನ್ನ ಮುಂದೆ ಕೂತಿದ್ದವರೂ ಅದೇ ವಯಸ್ಸಿನವರು.

ಹೌದು, ಈಗ ನಾನು ಒಂದು ಡಿಗ್ರಿ ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುತ್ತೇನೆ. ಹೋದ ವರ್ಷ ಒಬ್ಬ ವಿದ್ಯಾರ್ಥಿನಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಒಳಗೂ ಬಾರದೆ, ಹೊರಗೂ ಹೋಗದೆ ದುಪಟ್ಟಾದ ಅಂಚು ಸುರುಳಿ ಸುತ್ತುತ್ತಿದ್ದಳು. ಯಾರೋ ಅವಳ ವಾಟ್ಸ್‌ಆ್ಯಪ್ ಡಿಪಿ ತೆಗೆದು ಕೆಟ್ಟ ಚಿತ್ರ ಮಾಡಿ, "ಮಾತಾಡದಿದ್ದರೆ ನಿಮ್ಮ ಅಪ್ಪನಿಗೆ ಕಳಿಸ್ತೀನಿ" ಅಂತ ಹೆದರಿಸುತ್ತಿದ್ದರು. ನಾವಿಬ್ಬರೂ ಕೂತು ಎಲ್ಲದರ ಪ್ರಿಂಟ್ ತೆಗೆದೆವು. ಠಾಣೆಯಲ್ಲಿ ಬರೆದುಕೊಳ್ಳುತ್ತಿದ್ದವರು ತಲೆ ಎತ್ತದೆ, "ಫೋಟೋ ಯಾಕಮ್ಮ ಹಾಕಿದೆ?" ಅಂದರು. ಹುಡುಗಿ ನೆಲ ನೋಡತೊಡಗಿದಳು. ನಾನು ಹನ್ನೊಂದು ಹಾಳೆಗಳನ್ನು ಅವರ ಮುಂದೆ ಇಟ್ಟೆ. ಒಂದೊಂದರ ಮೇಲೂ ತಾರೀಕು, ಹೊತ್ತು, ಅಕೌಂಟಿನ ಲಿಂಕ್. ನಾಲ್ಕನೇ ಹಾಳೆ ತಿರುಗಿಸುವ ಹೊತ್ತಿಗೆ ಅವರ ದನಿ ಬದಲಾಯಿತು. "ಕೂತ್ಕೊಳ್ಳಿ ಮೇಡಂ" ಅಂದು ಒಳಗೆ ಹೋಗಿ ಇನ್‌ಸ್ಪೆಕ್ಟರನ್ನು ಕರೆದುಕೊಂಡು ಬಂದರು. ಮೂರು ವಾರ ಬೇಕಾಯಿತು. ಆ ಅಕೌಂಟಿನ ಹಿಂದೆ ಇದ್ದವನು ಅವಳದೇ ಕ್ಲಾಸಿನವನು, ಅವಳ ಹತ್ತಿರ ನೋಟ್ಸ್ ಇಸ್ಕೊಂಡು ಹೋಗುತ್ತಿದ್ದ ಹುಡುಗ.

ಈಗ ನೀವು ಏನು ಮಾಡಬೇಕು ಅಂತ ಹೇಳುತ್ತೇನೆ.

ಯಾರನ್ನೂ ಬ್ಲಾಕ್ ಮಾಡುವ ಮೊದಲು ಎಲ್ಲವನ್ನೂ ಉಳಿಸಿಕೊಳ್ಳಿ. ಸ್ಕ್ರೀನ್‌ಶಾಟ್ ಕತ್ತರಿಸಬೇಡಿ, ಹೆಸರು ಮತ್ತು ಹೊತ್ತು ಕಾಣಬೇಕು. ಅಕೌಂಟಿನ ಹೆಸರನ್ನು ಅವರು ಆಮೇಲೆ ಬದಲಾಯಿಸಬಹುದು, ಆದ್ದರಿಂದ ಈಗಿನ ಹೆಸರನ್ನೂ ಪ್ರೊಫೈಲಿನ ಲಿಂಕನ್ನೂ ಇವತ್ತೇ ಕಾಪಿ ಮಾಡಿ ಬರೆದಿಡಿ. ಆ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ. ಕೋರ್ಟಿಗೆ ಹೋದರೆ ಮೂಲ ಫೋನ್ ಬೇಕಾಗುತ್ತೆ.

ನಕಲಿ ಅಕೌಂಟನ್ನು ಬೇರೊಬ್ಬರ ಹೆಸರಿನಲ್ಲಿ ನಟಿಸುತ್ತಿದೆ ಅಂತ ಹೇಳುವ ಆಯ್ಕೆಯಲ್ಲೇ ರಿಪೋರ್ಟ್ ಮಾಡಿ. ತೆಗೆಯದಿದ್ದರೆ ಆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ನಗ್ನ ಚಿತ್ರ, ತಿರುಚಿದ ಚಿತ್ರ, ನಕಲಿ ವೇಷದ ಬಗ್ಗೆ ಆ ವ್ಯಕ್ತಿಯೇ ಅಥವಾ ಅವರ ಪರವಾಗಿ ಇನ್ನೊಬ್ಬರು ದೂರು ಕೊಟ್ಟರೆ 24 ಗಂಟೆಯಲ್ಲಿ ಕ್ರಮ ತೆಗೆದುಕೊಳ್ಳಬೇಕು ಅಂತ 2021ರ ಐಟಿ ನಿಯಮಗಳೇ ಹೇಳಿದ್ದವು. ನೀವು ಅಣ್ಣ, ನೀವೂ ಕೊಡಬಹುದು.

ದೂರನ್ನು ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ಹಾಕಬಹುದು. ಹೆಂಗಸರು, ಮಕ್ಕಳ ವಿಷಯಕ್ಕೆ ಅಲ್ಲಿ ಬೇರೆ ವಿಭಾಗವೇ ಇದೆ, ಹೆಸರು ಹೇಳದೆಯೂ ಕೊಡಬಹುದು. ಆದರೆ ನನ್ನ ಅನುಭವದಲ್ಲಿ ಖುದ್ದಾಗಿ ಹೋದರೆ ಕೆಲಸ ಬೇಗ ಆಗುತ್ತೆ. ನಮ್ಮ ರಾಜ್ಯದಲ್ಲಿ ಜಿಲ್ಲೆಗೊಂದು ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆ ಇದೆ, ಸೈಬರ್ ಅಪರಾಧ ನೋಡುವುದೇ ಅವರು. "ಇದು ನಮ್ಮ ವ್ಯಾಪ್ತಿಗೆ ಬರಲ್ಲ" ಅಂತ ಯಾರಾದರೂ ಅಂದರೆ ಝೀರೋ ಎಫ್‌ಐಆರ್ ಮಾಡಿ ಅಂತ ಕೇಳಿ, ಅಂದರೆ ವ್ಯಾಪ್ತಿ ನೋಡದೆ ಯಾವ ಠಾಣೆಯಲ್ಲಾದರೂ ದಾಖಲಿಸುವ ದೂರು. ರೇಟ್ ಕೇಳುವುದು, ಬೇಡ ಅಂದರೂ ಬೆನ್ನು ಹತ್ತುವುದು, ಅಸಭ್ಯ ಮಾತು, ಇವಕ್ಕೆ ಭಾರತೀಯ ನ್ಯಾಯ ಸಂಹಿತೆಯಲ್ಲಿ 75, 78, 79ನೇ ಸೆಕ್ಷನ್‌ಗಳಿವೆ. ನಕಲಿ ಅಕೌಂಟಿಗೆ ಐಟಿ ಕಾಯ್ದೆಯ 66ಸಿ, 66ಡಿ ಹಾಕುತ್ತಾರೆ. ಈ ನಂಬರುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಗೊತ್ತಿದ್ದು ಬಂದವರನ್ನು ಕೂರಿಸಿ ಮಾತಾಡಿಸುತ್ತಾರೆ. ದೂರು ಕೊಟ್ಟ ಮೇಲೆ ಸ್ವೀಕೃತಿ ಚೀಟಿ ತೆಗೆದುಕೊಳ್ಳದೆ ಎದ್ದು ಬರಬೇಡಿ.

ಖಾಸಗಿ ಚಿತ್ರ ಬಿಡುತ್ತೇನೆ ಅಂತ ಯಾರಾದರೂ ಹೆದರಿಸಿದರೆ ಸ್ಟಾಪ್‌ಎನ್‌ಸಿಐಐ ಅನ್ನೋ ತಾಣ ಇದೆ, 18 ದಾಟಿದವರಿಗೆ. ಚಿತ್ರ ನಿಮ್ಮ ಫೋನ್ ಬಿಟ್ಟು ಎಲ್ಲೂ ಹೋಗುವುದಿಲ್ಲ. ಅದರ ಬೆರಳಚ್ಚಿನಂಥ ಒಂದು ಗುರುತು ಮಾತ್ರ ಹೋಗುತ್ತೆ. ಸೇರಿಕೊಂಡಿರುವ ಕಂಪನಿಗಳು ಅದನ್ನು ಹೋಲಿಸಿ ನೋಡಿ ತಡೆಯುತ್ತವೆ.

ದಿನನಿತ್ಯದ ಗಲೀಜಿಗೆ ಇನ್‌ಸ್ಟಾಗ್ರಾಮ್ ಸೆಟ್ಟಿಂಗ್ಸ್‌ನಲ್ಲಿ ಹಿಡನ್ ವರ್ಡ್ಸ್ ಅಂತ ಇದೆ, ಕೆಟ್ಟ ಪದ ಇರುವ ಮೆಸೇಜು, ಕಾಮೆಂಟುಗಳನ್ನು ಅದು ಮರೆಮಾಡುತ್ತೆ. ಆದರೆ ಕನ್ನಡದ ಬೈಗುಳವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಆ ಬೈಗುಳ ಸುಲಭವಾಗಿ ತಪ್ಪಿಸಿಕೊಂಡು ಬರುತ್ತೆ. ಅದಕ್ಕೆ ನಾವೇ ಪಟ್ಟಿ ತುಂಬಬೇಕು, ಒಂದೊಂದು ಪದಕ್ಕೂ ನಾಲ್ಕೈದು ಸ್ಪೆಲಿಂಗ್. ಈ ಪಟ್ಟಿಯನ್ನು ತಂಗಿಯ ಕೈಯಲ್ಲಿ ಮಾಡಿಸಬೇಡಿ. ನೀವು ಮಾಡಿ. ಆ ಪದಗಳು ನಿಮಗೂ ಗೊತ್ತು, ಗೆಳೆಯರ ಗುಂಪಿನಲ್ಲಿ ನಾವೆಲ್ಲ ಕೇಳಿದವೇ.

ಅಪ್ಪನ ಹತ್ತಿರವೂ ನೀವೇ ಮಾತಾಡಬೇಕು. ಅವರು ಹೆದರಿದ್ದಾರೆ, ಅದು ನನಗೆ ಅರ್ಥ ಆಗುತ್ತೆ. ಹಾಸನದಲ್ಲಿ 2024ರ ಚುನಾವಣೆ ಹೊತ್ತಿಗೆ ಅಶ್ಲೀಲ ವಿಡಿಯೋಗಳಿದ್ದ ಪೆನ್‌ಡ್ರೈವ್ ಹಂಚಿದಾಗ ಎಷ್ಟೋ ಹೆಣ್ಣುಮಕ್ಕಳ ಮುಖ ಮಸುಕು ಮಾಡದೆ ಮೊಬೈಲಿನಿಂದ ಮೊಬೈಲಿಗೆ ಹೋಯಿತು. ಕೆಲವರು ಮನೆಗೆ ಬೀಗ ಹಾಕಿ ಊರು ಬಿಟ್ಟರು. ವಿಡಿಯೋ ಹಂಚಿದವರ ಮೇಲೂ ಕೇಸು ಹಾಕುತ್ತೇವೆ ಅಂತ ವಿಶೇಷ ತನಿಖಾ ತಂಡ (ಎಸ್‌ಐಟಿ) ಎಚ್ಚರಿಸಬೇಕಾಯಿತು. ಫಾರ್ವರ್ಡ್ ಮಾಡಿದವರು ಯಾರೋ ಪರದೇಶದವರಲ್ಲ, ನಮ್ಮ ನಿಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಇರುವವರೇ. ಆದರೂ ಅದೇ ಪ್ರಕರಣದಲ್ಲಿ ಒಬ್ಬ ಹೆಣ್ಣುಮಗಳು ಮುಂದೆ ಬಂದು ನಿಂತು ಸಾಕ್ಷಿ ಹೇಳಿದಳು. 2025ರ ಆಗಸ್ಟ್‌ನಲ್ಲಿ ಮಾಜಿ ಸಂಸದ ಪ್ರಜ್ವಲ್ ರೇವಣ್ಣನಿಗೆ ವಿಶೇಷ ನ್ಯಾಯಾಲಯ ಜೀವಾವಧಿ ಶಿಕ್ಷೆ ಕೊಟ್ಟಿತು. ಆಕೆ ಮನೆಗೆಲಸ ಮಾಡಿಕೊಂಡಿದ್ದವರು. ಇದನ್ನು ಅಪ್ಪನಿಗೆ ಹೇಳಿ.

ಇವತ್ತು ರಾತ್ರಿ ಊಟ ಆದಮೇಲೆ ತಂಗಿಯ ಪಕ್ಕ ಕೂತು ಫೋನ್ ಕೇಳಿ ಇಸ್ಕೊಳ್ಳಿ. ಸ್ಕ್ರೀನ್‌ಶಾಟ್ ನೀವು ತೆಗೆಯಿರಿ, ಅವಳು ಅದನ್ನೆಲ್ಲ ಇನ್ನೊಂದು ಸಲ ಓದುವುದು ಬೇಡ. ಎಷ್ಟು ದಿನದಿಂದ ಬರ್ತಿದೆ ಅಂತ ಕೇಳಿ, ಯಾಕೆ ಮೊದಲೇ ಹೇಳಲಿಲ್ಲ ಅಂತ ಮಾತ್ರ ಕೇಳಬೇಡಿ. ಮುಂದಿನ ಮ್ಯಾಚಿಗೆ ಅವಳು ವಿಡಿಯೋ ಮಾಡುವಾಗ ಫೋನ್ ಹಿಡಿಯಲು ಯಾರಾದರೂ ಬೇಕಾಗುತ್ತೆ ಅಲ್ವಾ, ಆ ಕೆಲಸವನ್ನೂ ನೀವೇ ಕೇಳಿಕೊಳ್ಳಿ. ಠಾಣೆಗೆ ಹೋದ ದಿನ ಏನಾಯಿತು ಅಂತ ಇಲ್ಲೇ ಕೆಳಗೆ ಬರೆಯಿರಿ, ನಾನು ನೋಡುತ್ತಿರುತ್ತೇನೆ.