ಪ್ರಶ್ನೋತ್ತರ: ಮಾತು ನನ್ನದು, ವಿಚಾರ ಯಾರದು?

ಪ್ರಶ್ನೆ: ಕನ್ನಡ ವಿಷಯದಲ್ಲಿ ಪಿಎಚ್.ಡಿ. ಅಧ್ಯಯನ ಮಾಡುತ್ತಿದ್ದೇನೆ. ವಿದ್ವಾಂಸರ ಮಾತನ್ನು ಯಥಾವತ್ತಾಗಿ ತೆಗೆದುಕೊಂಡಲ್ಲೆಲ್ಲ ಉದ್ಧರಣ ಚಿಹ್ನೆ ಹಾಕಿ ಅಡಿಟಿಪ್ಪಣಿ ಕೊಟ್ಟಿದ್ದೇನೆ. ನನ್ನ ಮಾತಿನಲ್ಲಿ ಸಂಗ್ರಹಿಸಿ ಬರೆದ ಭಾಗಗಳಿಗೂ ಆಕರ ಬೇಕೆಂದು ಮಾರ್ಗದರ್ಶಕರು ಹೇಳುತ್ತಾರೆ. ವಾಕ್ಯ ನನ್ನದೇ ಆದ ಮೇಲೆ ಆಕರವೇಕೆ?
— ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ

ಉತ್ತರ: ನಿಮ್ಮ ಮಾರ್ಗದರ್ಶಕರು ಹೇಳಿದ್ದು ಸರಿ. ಉದ್ಧರಣ ಚಿಹ್ನೆ ಪದಗಳು ಯಾರವೆಂದು ತಿಳಿಸುತ್ತದೆ. ಅಡಿಟಿಪ್ಪಣಿ ವಿಚಾರ ಎಲ್ಲಿಂದ ಬಂತೆಂದು ತಿಳಿಸುತ್ತದೆ. ಪದ ಬದಲಾದಾಗ ಚಿಹ್ನೆ ಬೇಡವಾಗುತ್ತದೆ, ಟಿಪ್ಪಣಿ ಬೇಡವಾಗುವುದಿಲ್ಲ.

ನಿಮಗೆ ಪರಿಚಿತವಾದ ‘ಕವಿರಾಜಮಾರ್ಗ’ವನ್ನೇ ನೋಡಿ. ಅದು ನಮಗೆ ದೊರೆತಿರುವ ಕನ್ನಡ ಕೃತಿಗಳಲ್ಲಿ ಅತ್ಯಂತ ಹಳೆಯದು, 9ನೆಯ ಶತಮಾನದ್ದು ಎಂದು ಬರೆಯಲು ಆಕರ ಬೇಕಿಲ್ಲ. ಕನ್ನಡ ಸಾಹಿತ್ಯ ಓದಿದವರೆಲ್ಲರಿಗೂ ಗೊತ್ತಿರುವ ಸಂಗತಿ ಅದು. “ಕಾವೇರಿಯಿಂದಮಾ ಗೋದಾವರಿವರಮಿರ್ದ ನಾಡದಾ ಕನ್ನಡದೊಳ್” ಎಂದು ಪದ್ಯವನ್ನೇ ಎತ್ತಿಕೊಂಡರೆ ಚಿಹ್ನೆಯೂ ಬೇಕು, ಪರಿಚ್ಛೇದ ಮತ್ತು ಪದ್ಯದ ಸಂಖ್ಯೆಯೂ (1–36) ಬೇಕು. ಪಾಠಾಂತರಗಳು (ಪ್ರತಿಯಿಂದ ಪ್ರತಿಗೆ ಬದಲಾಗುವ ಪದರೂಪಗಳು) ಇರುವುದರಿಂದ ಯಾವ ಸಂಪಾದಕರ ಆವೃತ್ತಿಯೆಂಬುದನ್ನೂ ಹೇಳಬೇಕು. ಅದೇ ಪದ್ಯದ ತಾತ್ಪರ್ಯವನ್ನು ‘ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿತ್ತು’ ಎಂದು ಹೊಸಗನ್ನಡದಲ್ಲಿ ಬರೆದರೆ ಚಿಹ್ನೆ ಹೋಗುತ್ತದೆ, 1–36 ಎಂಬ ಸಂಖ್ಯೆ ಹಾಗೆಯೇ ಉಳಿಯುತ್ತದೆ.

ಕೃತಿಯ ಕರ್ತೃ ರಾಷ್ಟ್ರಕೂಟ ದೊರೆ ನೃಪತುಂಗನೋ ಅವನ ಆಸ್ಥಾನದ ಕವಿ ಶ್ರೀವಿಜಯನೋ ಎಂಬಲ್ಲಿ ವಿಷಯ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಒಬ್ಬ ವಿದ್ವಾಂಸರು ಕೆಲವು ಪದ್ಯಗಳನ್ನು ಒಟ್ಟಿಗಿಟ್ಟು ಶ್ರೀವಿಜಯನ ಪರವಾಗಿ ವಾದ ಕಟ್ಟಿದ್ದಾರೆಂದುಕೊಳ್ಳಿ. ನೀವು ಅದೇ ಪದ್ಯಗಳನ್ನು ಅದೇ ಕ್ರಮದಲ್ಲಿ ತಂದು, ಮೂಲಗ್ರಂಥದ ಪದ್ಯಸಂಖ್ಯೆಗಳನ್ನು ಮಾತ್ರ ಕೊಟ್ಟು, ಆ ವಿದ್ವಾಂಸರ ಹೆಸರನ್ನು ಬಿಟ್ಟರೆ, ನಿಮ್ಮ ಪ್ರತಿಯೊಂದು ವಾಕ್ಯವೂ ಸ್ವಂತದ್ದಾಗಿದ್ದು ಪ್ರತಿಯೊಂದು ಪದ್ಯಕ್ಕೂ ಆಕರವಿದ್ದರೂ ವಾದವನ್ನು ನೀವು ಎರವಲು ಪಡೆದು ಮುಚ್ಚಿಟ್ಟಂತಾಗುತ್ತದೆ. ಪದ್ಯ ಎಲ್ಲರದು, ಅದಕ್ಕೆ ಹೇಳಿದ ಅರ್ಥ ಒಬ್ಬರದು. ನಮ್ಮ ಮಹಾಪ್ರಬಂಧಗಳಲ್ಲಿ ಈ ದೋಷವೇ ಹೆಚ್ಚೆಂಬುದು ನನ್ನ ಅನಿಸಿಕೆ, ಅದರಲ್ಲಿ ಎಲ್ಲವೂ ದುರುದ್ದೇಶದಿಂದ ಆದದ್ದಲ್ಲ.

ಇನ್ನು, ‘ನನ್ನ ಮಾತು’ ಎಂಬುದು ನಿಜಕ್ಕೂ ನಿಮ್ಮದೇ ಎಂಬುದನ್ನೂ ಪರೀಕ್ಷಿಸಿಕೊಳ್ಳಿ. ‘ಶಾಸನಗಳ ಭಾಷೆ ಆಡುನುಡಿಗಿಂತ ಬಿಗಿಯಾದದ್ದು, ಏಕೆಂದರೆ ಅವನ್ನು ಬರೆದವರು ಆಸ್ಥಾನದ ಕವಿಗಳು’ ಎಂಬ ವಾಕ್ಯವನ್ನು (ಇದು ಉದಾಹರಣೆಗೆಂದು ನಾನೇ ಕಟ್ಟಿದ್ದು) ‘ಶಿಲಾಲೇಖಗಳ ನುಡಿ ಮಾತಿನ ಭಾಷೆಗಿಂತ ಬಿಗುವಾದದ್ದು, ಯಾಕೆಂದರೆ ಅವನ್ನು ರಚಿಸಿದವರು ಅರಮನೆಯ ಕವಿಗಳು’ ಎಂದು ತಿದ್ದಿದರೆ ಅದು ಸಂಗ್ರಹವಲ್ಲ, ಪದಕೋಶ ಹಿಡಿದು ಮಾಡಿದ ನಕಲು. ಅಡಿಟಿಪ್ಪಣಿ ಇದ್ದರೂ ಅದು ತಪ್ಪೇ, ಏಕೆಂದರೆ ವಾಕ್ಯದ ಕಟ್ಟಡ ಮೂಲ ಲೇಖಕರದು. ಪುಸ್ತಕ ಮುಚ್ಚಿಟ್ಟು ನೆನಪಿನಿಂದ ಬರೆದು, ಆಮೇಲೆ ಮೂಲದೊಡನೆ ಹೋಲಿಸಿ ನೋಡುವುದು ಒಳ್ಳೆಯ ಅಭ್ಯಾಸ.

ಪ್ರಶ್ನೆ: ಕೃತಿಚೌರ್ಯ ಪತ್ತೆಹಚ್ಚುವ ಸಾಫ್ಟ್‌ವೇರ್ ನನ್ನ ಪ್ರಬಂಧದಲ್ಲಿ ಬೇರೆ ಬರಹಗಳೊಂದಿಗೆ ಶೇ. 8ರಷ್ಟು ಸಾಮ್ಯ ತೋರಿಸಿದೆ. ಶೇ. 10ರೊಳಗಿದ್ದರೆ ನಿಶ್ಚಿಂತೆಯಿಂದ ಇರಬಹುದೇ?
— ಓದುಗರು, ಮೈಸೂರು

ಉತ್ತರ: ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ನಿಯಮಾವಳಿಯ ಪ್ರಕಾರ ಶೇ. 10ರವರೆಗಿನ ಸಾಮ್ಯಕ್ಕೆ ದಂಡನೆಯಿಲ್ಲ. ಶೇ. 10ರಿಂದ 40ರವರೆಗಿದ್ದರೆ ಆರು ತಿಂಗಳು ಮೀರದಂತೆ ನಿಗದಿಯಾದ ಅವಧಿಯಲ್ಲಿ ತಿದ್ದಿ ಸಲ್ಲಿಸಬೇಕು, ಶೇ. 60 ಮೀರಿದರೆ ನೋಂದಣಿಯೇ ರದ್ದಾಗುತ್ತದೆ. ಆಕರ ಸಮೇತ ಕೊಟ್ಟ ಉದ್ಧರಣೆಗಳು, ಗ್ರಂಥಸೂಚಿ, ವಿಷಯಸೂಚಿ, ಕೃತಜ್ಞತೆ ಇವನ್ನು ಈ ಲೆಕ್ಕದಿಂದ ಹೊರಗಿಡಬೇಕೆಂದೂ ಅದರಲ್ಲಿದೆ. ಆದ್ದರಿಂದ ಉದ್ಧರಣೆ ಹೆಚ್ಚಾಯಿತೆಂದು ಹೆದರಿ ಚಿಹ್ನೆಯನ್ನು ತೆಗೆದು ಪದಗಳನ್ನು ಅದಲುಬದಲು ಮಾಡುವುದು ಬೇಡ.

ಆದರೆ ಈ ಯಂತ್ರ ಹೋಲಿಸುವುದು ಪದಗಳನ್ನು. ಎರವಲು ತಂದ ವಾದವನ್ನು ಅದು ಗುರುತಿಸಲಾರದು, ಮೌಲ್ಯಮಾಪಕರು ಗುರುತಿಸಬಲ್ಲರು. ವರದಿಯನ್ನು ತೆರೆದು ಆ ಶೇ. 8ರಲ್ಲಿ ಏನಿದೆಯೆಂದು ನೋಡಿ. ಅಲ್ಲಲ್ಲಿ ಚದುರಿದ ಪಾರಿಭಾಷಿಕ ಪದಗಳಾಗಿದ್ದರೆ ಚಿಂತೆಯಿಲ್ಲ. ಒಂದೇ ಪುಸ್ತಕದ ಎರಡು ಪುಟಗಳಾಗಿದ್ದರೆ, ಚಿಹ್ನೆ ಹಾಕಿ ಪುಟಸಂಖ್ಯೆ ಕೊಡಿ, ಇಲ್ಲವೇ ಆ ಭಾಗವನ್ನು ಹೊಸದಾಗಿ ಬರೆದು ಆಕರ ನಮೂದಿಸಿ.